2012ರ ಮ್ಯಾಕ್‌ಬುಕ್‌ನಲ್ಲಿ ಮಾಂಟೆರೆ: ನನ್ನ ಅನುಭವ

ಶಿರಸಿ ಸುತ್ತಿನ ತಾಳಮದ್ದಲೆಗಳನ್ನು ರೆಕಾರ್ಡ್ ಮಾಡಿ ಜೋಡಿಸುವುದು ನನ್ನ ಬಹುಕಾಲದ ಹವ್ಯಾಸ. ಆ ಕೆಲಸವೆಲ್ಲ ನಡೆಯುವುದು 2012ರ ಮಧ್ಯದ 13 ಇಂಚಿನ ಮ್ಯಾಕ್‌ಬುಕ್ ಪ್ರೊದಲ್ಲಿ. ತಳದ ಹತ್ತು ಸ್ಕ್ರೂ ಬಿಚ್ಚಿದರೆ ರ‍್ಯಾಮ್, ಡಿಸ್ಕ್ ಎರಡೂ ಕೈಗೆ ಸಿಗುವ ಗಟ್ಟಿ ಯಂತ್ರ. ರ‍್ಯಾಮನ್ನು 8 ಜಿಬಿಗೆ ಏರಿಸಿ, ಎಸ್‌ಎಸ್‌ಡಿ ಕೂರಿಸಿಕೊಂಡಿದ್ದೆ. ಆದರೆ ಈ ಮಾದರಿಗೆ ಅಧಿಕೃತವಾಗಿ ಕ್ಯಾಟಲಿನಾವೇ ಕೊನೆಯ ಮ್ಯಾಕ್‌ಓಎಸ್ (ಮ್ಯಾಕ್‌ನ ಆಪರೇಟಿಂಗ್ ಸಿಸ್ಟಂ). 2022ರ ಜುಲೈ ನಂತರ ಅದಕ್ಕೂ ಭದ್ರತಾ ಅಪ್‌ಡೇಟ್ ಬರಲಿಲ್ಲ. ಗುಜರಿಗೆ ಕೊಡಿ ಎಂದರು ಕೆಲವರು. ಏನೂ ಕೆಡದ ಯಂತ್ರವನ್ನು ಬಿಸಾಡಲು ನನಗೆ ಮನಸ್ಸಾಗಲಿಲ್ಲ.

ಓಪನ್‌ಕೋರ್ ಲೆಗಸಿ ಪ್ಯಾಚರ್ ಎಂಬ ಉಚಿತ ತಂತ್ರಾಂಶ ಇಂಥ ಯಂತ್ರಗಳಿಗೆಂದೇ ಇದೆ. ಆಪರೇಟಿಂಗ್ ಸಿಸ್ಟಂಗಿಂತ ಮೊದಲು ಎದ್ದು, ಹೊಸ ಮ್ಯಾಕ್‌ಓಎಸ್ ಈ ಯಂತ್ರವನ್ನು ಒಪ್ಪಿಕೊಳ್ಳುವಂತೆ ಮಾಡುತ್ತದೆ. ನಾನು ಆರಿಸಿಕೊಂಡದ್ದು ಕ್ಯಾಟಲಿನಾಗಿಂತ ಹೊಸ ಆವೃತ್ತಿಯಾದ ಮಾಂಟೆರೆ. ಸುಮಾರು 12 ಜಿಬಿಯ ಇನ್‌ಸ್ಟಾಲರನ್ನು ನಮ್ಮ ಹಳ್ಳಿಯ ಇಂಟರ್‌ನೆಟ್‌ನಲ್ಲಿ ಇಳಿಸುವ ಮಾತೇ ಇಲ್ಲ. ಶಿರಸಿ ಪೇಟೆಯ ಸ್ನೇಹಿತನ ಮನೆಯಲ್ಲಿ ಕುಳಿತು 32 ಜಿಬಿ ಪೆನ್‌ಡ್ರೈವ್ ಸಿದ್ಧಮಾಡಿಕೊಂಡು ಬಂದೆ. ರೆಕಾರ್ಡಿಂಗ್‌ಗಳನ್ನೆಲ್ಲ ಹೊರಗಿನ ಎರಡು ಡಿಸ್ಕ್‌ಗಳಿಗೆ ನಕಲು ಮಾಡಿದ ಮೇಲೆಯೇ ಮುಂದಿನ ಕೆಲಸ.

ಆಗಸ್ಟ್ ತಿಂಗಳ ಜಡಿಮಳೆ. ಕರೆಂಟ್ ಹೊತ್ತಿಗೊಮ್ಮೆ ಹೋಗುತ್ತಿತ್ತು. ಬ್ಯಾಟರಿ ಪೂರ್ತಿ ತುಂಬುವವರೆಗೂ ಕಾದು, ಆಪ್ಷನ್ ಕೀ ಒತ್ತಿ ಹಿಡಿದು ಯಂತ್ರ ಆನ್ ಮಾಡಿ, 'ಇಎಫ್‌ಐ ಬೂಟ್' ಆರಿಸಿದೆ. ಇನ್‌ಸ್ಟಾಲ್ ನಡುವೆ ಯಂತ್ರ ಮೂರ್ನಾಲ್ಕು ಸಲ ತಾನಾಗಿಯೇ ಆರಿ ಹತ್ತುತ್ತದೆ; ಗಾಬರಿಪಡಬೇಕಾಗಿಲ್ಲ.

ಎಲ್ಲ ಮುಗಿಯಿತೆಂದು ಪೆನ್‌ಡ್ರೈವ್ ಕಿತ್ತು ರೀಸ್ಟಾರ್ಟ್ ಮಾಡಿದಾಗ ನಿಜವಾಗಿಯೂ ಎದೆ ಧಸಕ್ಕೆಂದಿತು. ಪರದೆಯ ನಡುವೆ ಅಡ್ಡಗೆರೆ ಎಳೆದ ವೃತ್ತ, ಬೇರೇನೂ ಇಲ್ಲ. ಓಪನ್‌ಕೋರ್ ಇನ್ನೂ ಪೆನ್‌ಡ್ರೈವ್‌ನಲ್ಲೇ ಉಳಿದಿತ್ತು. ಒಳಗಿನ ಡಿಸ್ಕ್‌ಗೆ ಅದನ್ನು ಹಾಕಿಯೇ ಇರಲಿಲ್ಲ. ಮತ್ತೆ ಪೆನ್‌ಡ್ರೈವ್‌ನಿಂದಲೇ ಎಬ್ಬಿಸಿ, ಪ್ಯಾಚರ್ ತೆರೆದು, ಒಳಡಿಸ್ಕ್‌ನ ಇಎಫ್‌ಐ ವಿಭಾಗಕ್ಕೆ, ಅಂದರೆ ಯಂತ್ರ ಏಳುವಾಗ ಮೊದಲು ನೋಡುವ ಚಿಕ್ಕ ಭಾಗಕ್ಕೆ, ಬರೆಸಿದೆ.

ಆದರೂ ಕಿಟಕಿಗಳು ತೆವಳುತ್ತಿದ್ದವು. ಪರದೆಯ ಕೆಳಗೆ ಆ್ಯಪ್‌ಗಳ ಚಿಹ್ನೆಗಳಿರುವ ಡಾಕ್ ಪಾರದರ್ಶಕವಾಗಿರದೆ ಬರೀ ಬೂದು ಪಟ್ಟಿಯಾಗಿತ್ತು. ಇದರಲ್ಲಿರುವ ಇಂಟೆಲ್ ಎಚ್‌ಡಿ 4000 ಗ್ರಾಫಿಕ್ಸ್‌ನ ಡ್ರೈವರನ್ನು ಮಾಂಟೆರೆಯಿಂದ ಕೈಬಿಡಲಾಗಿದೆ. ಪ್ಯಾಚರ್‌ನ 'ರೂಟ್ ಪ್ಯಾಚ್' ಅದನ್ನು ಮರಳಿ ಸೇರಿಸುತ್ತದೆ. ಅದನ್ನು ಓಡಿಸಿ ರೀಸ್ಟಾರ್ಟ್ ಮಾಡಿದೆ. ಡಾಕ್‌ನ ಹಿಂದೆ ಪರದೆಯ ಬಣ್ಣ ಮಂಜಿನಂತೆ ಕಾಣಿಸಿತು. ಎರಡು ಗಂಟೆಯ ವಿಡಿಯೊ ತೆರೆದು ಭಾಗವತರ ಪದದ ನಡುವಿನಿಂದ ಅರ್ಥಧಾರಿಯ ಮಾತಿಗೆ ಹಾರಿದೆ. ಒಂದು ಚೌಕಟ್ಟೂ ತಡವರಿಸಲಿಲ್ಲ. ಆ ಕ್ಷಣದ ಸಂತೋಷ ಇಂದಿಗೂ ಹಸಿಯಾಗಿದೆ.

ಇದಕ್ಕೆ ತೆರಬೇಕಾದ ಬೆಲೆಯನ್ನೂ ಹೇಳಬೇಕು. ರೂಟ್ ಪ್ಯಾಚ್‌ಗಾಗಿ ಸಿಸ್ಟಂನ ಕಡತಗಳು ಬದಲಾಗಿಲ್ಲವೆಂದು ಖಾತರಿಪಡಿಸುವ ಭದ್ರತಾ ಮುದ್ರೆ ಒಡೆಯಬೇಕಾಗುತ್ತದೆ. ಆಮೇಲೆ ಚಿಕ್ಕ ಅಪ್‌ಡೇಟ್‌ಗೂ ಪೂರ್ತಿ ಇನ್‌ಸ್ಟಾಲರ್ ಇಳಿಯುತ್ತದೆ, ಪ್ಯಾಚ್ ಅಳಿಸಿಹೋಗುತ್ತದೆ, ಮತ್ತೆ ಹಾಕಬೇಕು. ಹಾಗಾಗಿ ಸ್ವಯಂಚಾಲಿತ ಅಪ್‌ಡೇಟ್ ಅನ್ನು ಮೊದಲ ದಿನವೇ ನಿಲ್ಲಿಸಿದೆ. ಅಪ್‌ಡೇಟ್ ಬಂದಾಗಲೆಲ್ಲ ಪೇಟೆಗೆ ಹೋಗಿ ಮುಗಿಸಿಕೊಂಡು ಬರುತ್ತಿದ್ದೆ. 2024ರ ಜುಲೈನಲ್ಲಿ ಬಂದ 12.7.6ರ ಬಳಿಕ ಮಾಂಟೆರೆಗೂ ಅಪ್‌ಡೇಟ್ ನಿಂತಿದೆ. ಹಾಗಾಗಿ ಬ್ಯಾಂಕ್ ವ್ಯವಹಾರವನ್ನು ಮೊಬೈಲ್‌ಗೆ ಸಾಗಿಸಿದ್ದೇನೆ. ಈ ಯಂತ್ರ ತಾಳಮದ್ದಲೆಗೆ ಮಾತ್ರ. ಆ ಪೆನ್‌ಡ್ರೈವನ್ನು ಅಳಿಸಿಲ್ಲ. ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಡಬ್ಬಿಯಲ್ಲಿಟ್ಟು, ಮೇಲೆ 'ಓಪನ್‌ಕೋರ್' ಎಂದು ಚೀಟಿ ಅಂಟಿಸಿದ್ದೇನೆ.