ಮೊಟ್ಟಿ ಸುಲಿಯೋರು ಯಾರು? ಚಿತ್ರ ಪುಸ್ತಕ ಹಿಡ್ಕೊಂಡು ನಾನು ಮಾಡಿದ್ದು

ನಾನು ಕೊಪ್ಪಳ ತಾಲೂಕಿನ ಒಂದು ಹಳ್ಳಿ ಸರ್ಕಾರಿ ಶಾಲಿದಾಗ ನಲಿ-ಕಲಿ ಟೀಚರ್, ಒಂದರಿಂದ ಮೂರನೇತ್ತ ಮಕ್ಕಳು ಎಲ್ಲಾ ಒಂದೇ ಕೋಣ್ಯಾಗ ಕೂಡ್ತಾರ. ಮಕ್ಕಳಿಗೆ ದೊಡ್ಡೋರ ಮ್ಯಾಲೆ ಗೌರವ, ಮಾಡಿದವರ ಉಪಕಾರ ನೆನಸೋ ಗುಣ ಹೆಂಗ ಕಲಸ್ತೀರಿ ಅಂತ ಭಾಳ ಮಂದಿ ಟೀಚರ್‌ಗಳು ಕೇಳ್ತಾರ, ಎಸ್‌ಡಿಎಂಸಿ (ಶಾಲಿ ಉಸ್ತುವಾರಿ ಸಮಿತಿ) ಮೀಟಿಂಗ್‌ನಾಗ ತಾಯಂದಿರೂ ಕೇಳಿದ್ರು, ಅದಕ್ಕ ಬರದು ಇಡ್ತೀನಿ.

ಮೊದಲನೇ ಮಾತು. ಕತಿ ಓದಿ ಮುಗಿಸಿ "ಇದರಿಂದ ಏನು ನೀತಿ ಕಲಿತ್ರಿ" ಅಂತ ಕೇಳಬ್ಯಾಡ್ರಿ. ಕೇಳಿದ್ರ "ದೊಡ್ಡವರಿಗೆ ಗೌರವ ಕೊಡಬೇಕು ಟೀಚರ್" ಅಂತ ಎಲ್ಲಾರೂ ಒಂದೇ ರಾಗದಾಗ ಹೇಳ್ತಾರ, ಹೇಳಿದ ಹುಡುಗನೇ ಹತ್ತು ನಿಮಿಷಕ್ಕ ಬಿಸಿಯೂಟದ ಲೈನ್‌ನಾಗ ತಾಟು ಮುಂದ ಚಾಚಿ "ಏ, ಸಾರು ಹಾಕು" ಅಂತಾನ. ಅವನ ತಪ್ಪಲ್ಲ ಅದು. ಅಡುಗಿ ಮಾಡೋ ಅಕ್ಕನ್ನ ಊರಾಗ ದೊಡ್ಡೋರು ಹೆಂಗ ಕರೀತಾರೋ ಹುಡುಗ್ರು ಹಂಗೇ ಕರೀತಾರ, ಹೆಡ್‌ಮಾಸ್ತರ್‌ಗೆ "ರೀ" ಹಚ್ಚಬೇಕು, ಕಸ ಹೊಡಿಯೋ ಅಜ್ಜಿಗೆ ಬ್ಯಾಡ ಅನ್ನೋದು ಐದು ವರ್ಷದ ಕೂಸಿಗೂ ಯಾರೂ ಹೇಳಿಕೊಡದನ ಗೊತ್ತಾಗಿರ್ತೈತಿ. ನನಗ ಎಲ್ಲಾಕ್ಕಿಂತ ಸಂಕಟ ಆಗೋದು ಇದಕ್ಕ. ಈ ಕಲಿಕಿ ಕಣ್ಣಿನಿಂದ ಬಂದದ್ದು, ಅದನ್ನ ಬಿಡಸೋದೂ ಕಣ್ಣಿನಿಂದನ ಆಗಬೇಕು ಅಂತ ನಾನು ನಂಬೀನಿ, ಚಿತ್ರ ಪುಸ್ತಕ ಕೈಗೆ ತಗೊಂಡಿದ್ದೇ ಅದಕ್ಕ.

ಪುಸ್ತಕಕ್ಕ ರೊಕ್ಕ ಬೇಕಂತಿಲ್ಲ. ಶಾಲಿ ಲೈಬ್ರರಿ ಪೆಟ್ಟಿಗಿದಾಗ ಹುಡುಕಿದ್ರ ಸಿಗತಾವ, ಗ್ರಾಮ ಪಂಚಾಯ್ತಿ ಲೈಬ್ರರಿದಾಗ ಕೇಳ್ರಿ, ಪ್ರಥಮ್ ಬುಕ್ಸ್‌ನವರು 2015ರಾಗ ಶುರು ಮಾಡಿದ ಸ್ಟೋರಿವೀವರ್ ವೆಬ್‌ಸೈಟ್‌ನಾಗ ಕನ್ನಡ ಪುಸ್ತಕ ಫ್ರೀ ಅದಾವ, ಡೌನ್‌ಲೋಡ್ ಮಾಡಿ ಪ್ರಿಂಟ್ ತಗೀಬೌದು. ಅಲ್ಲಿ ಪುಸ್ತಕಗಳನ್ನ ಓದೋ ಮಟ್ಟದ ಪ್ರಕಾರ ಲೆವೆಲ್ ಮಾಡಿ ಇಟ್ಟಾರ, ಸಣ್ಣ ಮಕ್ಕಳಿಗೆ ಲೆವೆಲ್ 1, 2 ಸಾಕು. ನಾನು ಆರಿಸೋವಾಗ ನೋಡೋದು ಒಂದೇ, ಚಿತ್ರದಾಗ ಕೆಲಸ ಮಾಡೋರು ಇರಬೇಕು ಮತ್ತ ಅವರ ಮುಖ ಕಾಣಬೇಕು. ಹೆಸರಿನ್ಯಾಗೇ ನೀತಿ ಐತಿ ಅನ್ನೋ ಪುಸ್ತಕ ನಾನು ಮುಟ್ಟೋದಿಲ್ಲ.

ಅರ್ಧ ವರ್ತುಲ ಕೂಡಸ್ತೀನಿ, ಪುಸ್ತಕ ಮಕ್ಕಳ ಕಡೆ ಮುಖ ಮಾಡಿ ಹಿಡೀತೀನಿ, ಮೊದಲನೇ ದಿನ ಅಕ್ಷರ ಓದೋದೇ ಇಲ್ಲ, ಬರೇ ಹಾಳಿ ತಿರುವೋದು. "ಇಲ್ಲಿ ಯಾರ್ಯಾರು ಅದಾರ? ಇವ್ರು ಏನ್ ಮಾಡಾಕತ್ತಾರ? ಚಿತ್ರದಾಗ ಕಾಣಲಾರದವ್ರು ಯಾರು?" ಈ ಮೂರನೇ ಪ್ರಶ್ನೆ ಭಾಳ ಮುಖ್ಯ. ಒಂದು ಪುಸ್ತಕದಾಗ ಕೂಸು ಊಟ ಮಾಡೋ ಚಿತ್ರ ಇತ್ತು, ತಾಟಿನ್ಯಾಗ ಅನ್ನ, ಬಾಜೂಕ ಅವ್ವ. ಮತ್ಯಾರು ಅದಾರ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ರು, ಆಮ್ಯಾಲೆ ಹಿಂದ ಕುಂತ ಹುಡುಗಿ "ನಾಟಿ ಹಚ್ಚಿದೋರು" ಅಂದ್ಲು, ಅವರ ಅವ್ವ ಗಂಗಾವತಿ ಕಡೆ ಗದ್ದಿಗೆ ನಾಟಿ ಹಚ್ಚಾಕ ಹೋಗ್ತಾಳ, ಅದಕ್ಕ ಅಕಿಗೆ ಕಂಡ್ತು. ಅಲ್ಲಿಂದ ನಿಲ್ಲಲೇ ಇಲ್ಲ, ಡ್ಯಾಮಿನ ಕಾಲುವಿ ನೀರು ಬಿಡೋರು, ರೈಸ್ ಮಿಲ್ಲಿನ್ಯಾಗ ಚೀಲ ಹೊರೋರು, ಲಾರಿ ಡ್ರೈವರ್. ಬರೇ ಒಂದು ತಾಟಿನ ಚಿತ್ರಕ್ಕ ಇಷ್ಟು ಮಂದಿ ಬಂದ್ರು, ಉಪಕಾರ ಸ್ಮರಣೆ ಅನ್ನೋ ಮಾತು ನಾನು ಬಾಯಿಂದ ತಗದೇ ಇಲ್ಲ.

ಎರಡನೇ ದಿನ ಕತಿ ನಡುವ ನಿಲ್ಲಸದನ ಪೂರಾ ಓದ್ತೀನಿ. ಮೂರನೇ ದಿನ ಪುಸ್ತಕ ಮಕ್ಕಳ ಕೈಯಾಗ.

ಆಮ್ಯಾಲೆ ಮಾಡೋ ಕೆಲಸನೇ ನನಗ ಎಲ್ಲಾಕ್ಕಿಂತ ಹೆಚ್ಚು ಫಲ ಕೊಟ್ಟೈತಿ. ಪುಸ್ತಕದಾಗ ನೋಡಿದಂಗ ನಮ್ಮ ಶಾಲಿ ನೋಡೋದು. ಶಾಲಿ ಬಿಸಿಯೂಟದ ಯೋಜನೆ ಅಕ್ಷರ ದಾಸೋಹ 2002ರಾಗ ಮೊದಲು ಶುರು ಆಗಿದ್ದೇ ನಮ್ಮ ಈ ಭಾಗದ ಜಿಲ್ಲಾಗಳೊಳಗ, ಮಕ್ಕಳಿಗೆ ಮೊಟ್ಟಿ ಕೊಡೋದೂ ಮೊದಲು ನಮ್ಮ ಕಡೆನೇ ಬಂತು. ಮೊಟ್ಟಿ ತಿನ್ನೋದು ಎಲ್ಲಾರಿಗೂ ಗೊತ್ತು, ಸುಲಿಯೋರು ಯಾರು ಅಂತ ಯಾರೂ ನೋಡಿರಲಿಲ್ಲ. ಅಡುಗಿ ಅಕ್ಕನ್ನ ಕೇಳಿ, ಅವ್ರು ಹೂಂ ಅಂದ ಮ್ಯಾಲೆ, ನಾಲ್ಕ್ನಾಲ್ಕು ಮಕ್ಕಳನ್ನ ಅಡುಗಿ ಕೋಣಿ ಬಾಗಲದಾಗ ಒಲಿಯಿಂದ ದೂರ ಕೂಡಸಿದೆ, ಸುಮ್ನ ನೋಡ್ರಿ ಅಂದೆ. ತಿರುಗಿ ಬಂದು ಚಿತ್ರ ಬರದ್ರು. ಒಬ್ಬ ಎರಡನೇತ್ತ ಹುಡುಗ ಮುಖ ಬರೀಲಿಲ್ಲ, ಹಾಳಿ ತುಂಬ ಎರಡು ಕೈ, ಬೆರಳಿನ ತುದಿಗೆ ಕೆಂಪು ಬಣ್ಣ, ಸುತ್ತ ಸಿಪ್ಪಿ. ಏನೋ ಇದು ಅಂದ್ರ "ಮೊಟ್ಟಿ ಸುಡತಿದ್ವು ಟೀಚರ್, ಅಕ್ಕ ಊದಿ ಊದಿ ಸುಲಿತಿದ್ರು" ಅಂದ. ಸುಲಿತಿದ್ಲು ಅನ್ಲಿಲ್ಲ, ನಾನು ತಿದ್ದಿದ್ದೂ ಅಲ್ಲ. ಅವನ ಮಾತನ್ನ ಹಂಗೇ ಚಿತ್ರದ ಕೆಳಗ ಬರದೆ. ಇಂಥ ಹಾಳಿ ಎಲ್ಲಾ ಕೂಡಸಿ ಹಳೇ ಕ್ಯಾಲೆಂಡರ್ ರಟ್ಟಿಗೆ ಅಂಟಿಸಿ, ದಾರ ಹಾಕಿ ಹೊಲದ್ವಿ, ನಮ್ಮದೇ ಚಿತ್ರ ಪುಸ್ತಕ ಆಯ್ತು. ಊಟ ಮುಗದ ಮ್ಯಾಲೆ ಅಡುಗಿ ಅಕ್ಕಗಳನ್ನ ಕುರ್ಚಿ ಹಾಕಿ ಕೂಡಸಿ ಮಕ್ಕಳೇ ಓದಿ ತೋರಸಿದ್ರು, ಒಬ್ಬ ಅಕ್ಕ "ನನ್ನ ಕೈಬಳಿ ಬಣ್ಣನೂ ಬರೋಬ್ಬರಿ ಹಾಕ್ಯಾರಲ್ರೀ" ಅಂತ ನಕ್ಕರು.

ಥ್ಯಾಂಕ್ಯೂ ಹೇಳಸೋ ಪದ್ಧತಿ ನಾನು ಇಟ್ಟಿಲ್ಲ. ನಾನು ನೋಡೋದು ನಡತಿ. ತಾಟಿನ್ಯಾಗ ಅನ್ನ ಬಿಡೋದು ಕಡಿಮಿ ಆತೇನು, ಸಿಪ್ಪಿ ಬಿದ್ರ ತಾವೇ ಎತ್ತತಾರೇನು, ಕರಿಯೋ ರೀತಿ ಬದಲಾತೇನು. ಕೆಲವ್ರಿಗೆ ಜಲ್ದಿ ಹತ್ತೈತಿ, ಕೆಲವ್ರು ಮನ್ಯಾಗ ಕೇಳಿದ್ದನ್ನೇ ಇನ್ನೂ ಆಡ್ತಾರ. ಅದಕ್ಕ ಪುಸ್ತಕ ಮನಿಗೂ ಕಳಸ್ತೀನಿ, ಅಜ್ಜ ಅಜ್ಜಿ ಮುಂದ ಓದಬೇಕು ಅನ್ನೋದೇ ಹೋಂವರ್ಕ್. ಜನವರಿ ಹೊತ್ತಿಗೆ ಕೊಪ್ಪಳದ ಗವಿಮಠದ ಜಾತ್ರಿ ಬರ್ತೈತಿ, ಊರೂರಿನಿಂದ ಮಹಾದಾಸೋಹಕ್ಕ ರೊಟ್ಟಿ ಹೋಗತಾವ, ಆವಾಗ ರೊಟ್ಟಿ ಬಡಿಯೋ ಅವ್ವಂದಿರ ಚಿತ್ರ ಬರಸಿದ್ರ ಮನಿ ಮಂದಿನೂ ಕೂಡ್ಕೊಂಡು ಮಾತಾಡ್ತಾರ.

ಹೊಸದಾಗಿ ಮಾಡೋರಿಗೆ ಒಂದು ಮಾತು, ಒಂದೇ ಪುಸ್ತಕ ಒಂದು ವಾರ ಇಟ್ಕೊಳ್ರಿ, ದಿನಕ್ಕೊಂದು ಪುಸ್ತಕ ಓಡಸಬ್ಯಾಡ್ರಿ, ಮತ್ತ ಮಕ್ಕಳು ಚಿತ್ರದ ಮ್ಯಾಲೆ ಬೆರಳಿಟ್ಟು ಮಾತಾಡೋವಾಗ ನಡುವ ಬಾಯಿ ಹಾಕಬ್ಯಾಡ್ರಿ. ಮುಂದಿನ ಪುಸ್ತಕ ಯಾರ ಮ್ಯಾಲೆ ಅಂತ ಮಕ್ಕಳನ್ನೇ ಕೇಳೀನಿ, ಪಂಚಾಯ್ತಿ ವಾಟರ್‌ಮನ್ ಅಣ್ಣನ ಹೆಸರು ಬಂದೈತಿ, ನಸಿಕಿನ್ಯಾಗ ಎಷ್ಟಕ್ಕ ಏಳ್ತೀರಿ, ಕರೆಂಟ್ ಹೋದ್ರ ಏನ್ ಮಾಡ್ತೀರಿ ಅಂತ ಪ್ರಶ್ನೆ ಬರದು ಇಟ್ಟಾರ, ಸೋಮವಾರ ಅವ್ರನ್ನ ಶಾಲಿಗೆ ಕರಸೋದೈತಿ.