ಮಾರ್ಕೋನಹಳ್ಳಿಗೆ ಗಾಳ ಹಿಡಿದು ಹೊರಟರೆ

ಬೋಟಿನಲ್ಲಿ ಕಡಲಿಗೆ ಹೋಗಿ ಟ್ಯೂನಾ ಹಿಡಿಯುವ ವಿಡಿಯೋ ನೋಡಿ ನಮ್ಮ ಹುಡುಗರಿಗೆಲ್ಲ ಆಸೆ ಹತ್ತಿದೆ. ತುಮಕೂರಿನವರಿಗೆ ಮಲ್ಪೆ ದೂರ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಹತ್ತಿರ. ಶಿಂಷಾ ನದಿಗೆ ಕಟ್ಟಿದ ಜಲಾಶಯ, ಒಂದು ಭಾನುವಾರಕ್ಕೆ ಧಾರಾಳವಾಯಿತು.

ಮೊದಲು ಕೇಳಿಕೊಳ್ಳಿ. ಕೆರೆಯಾಗಲಿ ಡ್ಯಾಮಾಗಲಿ, ಮೀನು ಸಾಮಾನ್ಯವಾಗಿ ಯಾರಿಗಾದರೂ ಗುತ್ತಿಗೆಗೆ ಹೋಗಿರುತ್ತದೆ. ದುಡ್ಡು ಹಾಕಿ ಮರಿ ಬಿಟ್ಟವರು ಅವರು. 'ಅಣ್ಣಾ, ಗಾಳ ಹಾಕ್ಕೋಬೋದಾ?' ಅಂತ ಕೇಳಿ. ಬೇಡ ಅಂದರೆ ವಾಪಸ್ ಬನ್ನಿ, ವಾದ ಬೇಡ. ಮಳೆಗಾಲದಲ್ಲಿ ಕಟ್ಟೆಯ ಕೆಳಗಡೆ ಮಾತ್ರ ಇಳಿಯಲೇಬೇಡಿ. ಅಲ್ಲಿರುವುದು ಸೈಫನ್. ನೀರು ಮಟ್ಟ ಮುಟ್ಟಿದರೆ ತಾನಾಗಿಯೇ ಧುಮುಕುತ್ತದೆ, ಯಾರೂ ಗೇಟ್ ಎತ್ತಬೇಕಿಲ್ಲ.

ಹಿಂದಿನ ರಾತ್ರಿಯೇ ಕಡಲೆಕಾಯಿ ಹಿಂಡಿ ನೆನೆಹಾಕಿ. ಬೆಳಗ್ಗೆ ತೌಡು ಕಲಸಿ ಉಂಡೆ ಕಟ್ಟಿ. ಎರಡು ಮೂರು ಉಂಡೆ ಒಂದೇ ಜಾಗಕ್ಕೆ ಎಸೆದು ಸುಮ್ನೆ ಕೂರಿ. ಕೊಕ್ಕೆಗೆ ಎರೆಹುಳು ಆಗುತ್ತದೆ. ನನಗೆ ಮುದ್ದೆಯೇ ಇಷ್ಟ. ತಣ್ಣಗಾದ ಮುದ್ದೆಗೆ ಚೂರು ಮೈದಾ ಸೇರಿಸಿ ನಾದಿದರೆ ನೀರಿನಲ್ಲಿ ಬೇಗ ಕರಗಲ್ಲ. ಉಳಿದರೆ ನಾವೇ ತಿನ್ನಬಹುದು, ಅಲ್ವಾ.

ದಿನ ಕೆಡುವುದು ಸಾಮಾನ್ಯವಾಗಿ ಸ್ನೇಹಿತರಿಂದಲೇ. ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಾನೆ, ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲಿಸುವವನು. ಹಿಂಡಿ ಹಾಕಿದ ಜಾಗಕ್ಕೆ ಮೀನು ಬರಲು ಹೊತ್ತು ಬೇಕು. ಅವನ ಕೈಗೆ ಟೀ ಫ್ಲಾಸ್ಕು, ಚೌಚೌ ಕೊಟ್ಟು ಕೂರಿಸಿ. ಬ್ಲೂಟೂತ್ ಸ್ಪೀಕರ್ ಬೈಕಿನ ಡಿಕ್ಕಿಯಲ್ಲೇ ಇರಲಿ.

ಕಾಟ್ಲಾ ಮೇಲ್ನೀರಿನ ಮೀನು, ರೋಹು ನಡುವಿನದು, ಮೃಗಾಲ್ ತಳದ್ದು. ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಡುವ ಬೆಂಡನ್ನು ಮೇಲೆ ಕೆಳಗೆ ಸರಿಸಿದರೆ ಕೊಕ್ಕೆಯ ಆಳ ಬದಲಾಗುತ್ತದೆ. ಆಮೇಲೆ ಕಣ್ಣು ಬೆಂಡಿನ ಮೇಲೆಯೇ ಇರಬೇಕು. ಟುಕ್ ಟುಕ್ ಅಂತ ಸಣ್ಣಗೆ ಕುಟುಕಿದರೆ ಅದು ಜಿಲೇಬಿ ಮೀನು (ತಿಲಾಪಿಯಾ) ಇಲ್ಲವೇ ಸಣ್ಣ ಮರಿ, ಕಾಯಿರಿ. ನೆಟ್ಟಗೆ ನಿಂತಿದ್ದ ಬೆಂಡು ಇದ್ದಕ್ಕಿದ್ದಂತೆ ಮೇಲೆದ್ದು ಅಡ್ಡ ಮಲಗಿದರೆ, ತಳದಲ್ಲಿ ಗೆಂಡೆ ಮೀನು ತುತ್ತಿನ ಜೊತೆ ದಾರಕ್ಕೆ ಭಾರಕ್ಕೆಂದು ಕಟ್ಟಿದ ಸೀಸವನ್ನೂ ಎತ್ತಿದೆ ಅಂತ ಅರ್ಥ. ಹೊಸಬರು ಇಲ್ಲಿ 'ಏನೋ ಗಾಳಿ' ಅಂದುಕೊಂಡು ಬಿಟ್ಟುಬಿಡುತ್ತಾರೆ. ಆಗಲೇ ಎಳೆಯಬೇಕು, ಮಣಿಕಟ್ಟಿನಿಂದ, ಒಂದೇ ಸಲ. ಜಾಡಿಸಿ ಎಳೆದರೆ ತುಟಿ ಹರಿಯುತ್ತದೆ. ದೊಡ್ಡದು ಸಿಕ್ಕರೆ ಓಡಲು ದಾರ ಬಿಡಿ, ಸುಸ್ತಾದ ಮೇಲೆ ದಡಕ್ಕೆ ತನ್ನಿ.

ಜೊಂಡಿನ ಪಕ್ಕ ನೀರಿನ ಮೇಲೆ ಕೆಂಪಗೆ ಗುಂಪುಗುಂಪಾಗಿ ಮರಿ ಕಂಡರೆ, ಕೆಳಗೆ ಕೊರಮೀನು ಕಾವಲಿರುತ್ತದೆ. ಆಗ ಕಪ್ಪೆ ತೋರಿಸಿದರೆ ತಕ್ಷಣ ಹಾರಿ ಹಿಡಿಯುತ್ತದೆ. ಸುಲಭ ಅಂತ ಹಿಡಿಯಬೇಡಿ. ಕಾವಲಿನ ಮೀನು ಹೋದರೆ ಆ ಮರಿಗಳನ್ನು ಉಳಿದ ಮೀನುಗಳು ಬಿಡಲ್ಲ.

ತುಂಡಾದ ದಾರ, ಕೊಕ್ಕೆ ಎಲ್ಲ ಜೇಬಿಗೆ. ದಡದಲ್ಲಿ ದನ ಮೇಯುತ್ತವೆ.

ಜಿಲೇಬಿಯ ಬೆನ್ನಿನ ಮುಳ್ಳು ಚುಚ್ಚುತ್ತದೆ, ಅದನ್ನು ತಲೆಯಿಂದ ಬಾಲದ ಕಡೆಗೆ ಕೈ ಸವರಿ ಮಡಚಿಕೊಂಡೇ ಹಿಡಿಯಿರಿ. ಕಲ್ಲುಪ್ಪು, ಅರಿಶಿನ ಹಾಕಿ ಉಜ್ಜಿ ತೊಳೆದರೆ ಲೋಳೆ ಹೋಗುತ್ತದೆ. ಸಣ್ಣವನ್ನು ಹುರಿಯಿರಿ. ಗೆಂಡೆ, ರೋಹು ಸಾರಿಗೆ. ಹುಣಸೆ ಸ್ವಲ್ಪ ಜಾಸ್ತಿಯೇ ಇರಲಿ.