ಬೆಂಗಳೂರಿನಿಂದ ಮುಂಬೈಗೆ: ಎಟಿಸಿ ವಿಮಾನವನ್ನು ದಾಟಿಸುವುದು ಹೀಗೆ

ಬೆಂಗಳೂರಿನಿಂದ ಮುಂಬೈಗೆ ವಿಮಾನದಲ್ಲಿ ಹೆಚ್ಚೂಕಡಿಮೆ ಒಂದೂವರೆ ಗಂಟೆ. ಅಷ್ಟರೊಳಗೆ ಪೈಲಟ್ ಹಲವು ಎಟಿಸಿ (ವಿಮಾನ ಸಂಚಾರ ನಿಯಂತ್ರಣ) ನಿಯಂತ್ರಕರ ಜೊತೆ ಮಾತಾಡಿರುತ್ತಾರೆ. ಆದರೆ ಯಾವುದೇ ಹೊತ್ತಿನಲ್ಲಿ ಒಂದು ವಿಮಾನಕ್ಕೆ ಅಪ್ಪಣೆ ಕೊಡುವವರು ಒಬ್ಬರೇ. ಇಡೀ ವ್ಯವಸ್ಥೆ ನಿಂತಿರುವುದು ಇದರ ಮೇಲೆ.

ಮೊದಲ ಮಾತು ವಿಮಾನ ಇನ್ನೂ ನಿಂತಿರುವಾಗಲೇ. ಯಾವ ದಾರಿ, ಮೊದಲಿಗೆ ಎಷ್ಟು ಎತ್ತರ ಎಂದು ತಿಳಿಸಿ, ನಾಲ್ಕಂಕಿಯ ಒಂದು ಕೋಡ್ ಕೊಡುತ್ತಾರೆ. ಅದರಲ್ಲಿ 8, 9 ಬರುವುದೇ ಇಲ್ಲ. ಪೈಲಟ್ ಆ ಕೋಡನ್ನು ವಿಮಾನದ ಯಂತ್ರದಲ್ಲಿ ಹಾಕಿಕೊಂಡರೆ ರೇಡಾರ್ ಪರದೆಯಲ್ಲಿ ಚುಕ್ಕೆಯ ಪಕ್ಕ ವಿಮಾನದ ಹೆಸರು, ಎತ್ತರ ಕಾಣುತ್ತದೆ. ರೇಡಿಯೋ ಕೆಟ್ಟರೆ 7600, ತುರ್ತು ಪರಿಸ್ಥಿತಿಯಾದರೆ 7700.

ರನ್‌ವೇ ತನಕ ನೆಲದ ಓಡಾಟ ನೋಡಿಕೊಳ್ಳುವ ಗ್ರೌಂಡ್ ಕಂಟ್ರೋಲ್, ಆಮೇಲೆ ರನ್‌ವೇ ನೋಡಿಕೊಳ್ಳುವ ಟವರ್. ಟವರ್‌ನವರು 'ಟೇಕಾಫ್' ಅನ್ನುವ ಪದವನ್ನು ಸುಮ್ನೆ ಬಳಸುವಂತಿಲ್ಲ. ನಿಜವಾಗಿ ಹಾರಲು ಬಿಡುವಾಗ, ಇಲ್ಲವೇ ಕೊಟ್ಟ ಅನುಮತಿ ಹಿಂಪಡೆಯುವಾಗ ಮಾತ್ರ. ಇದಕ್ಕೆ ಕಾರಣ ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ ನಡೆದ 1977ರ ದುರಂತ. ಅಲ್ಲಿ ಮಂಜಿನಲ್ಲಿ ಅನುಮತಿ ಸಿಗುವ ಮೊದಲೇ ಓಟ ಶುರು ಮಾಡಿದ ವಿಮಾನ ಇನ್ನೊಂದಕ್ಕೆ ಡಿಕ್ಕಿ ಹೊಡೆದು 583 ಜನ ಸತ್ತರು.

ಮೇಲೇರಿದ ಮೇಲೆ ಮೊದಲು ನಿಲ್ದಾಣದ ಸುತ್ತಲಿನ ರೇಡಾರ್‌ನವರು, ನಂತರ ದೂರದ ಆಕಾಶ ನೋಡಿಕೊಳ್ಳುವ ಏರಿಯಾ ಕಂಟ್ರೋಲ್. ಇಲ್ಲಿ ಎತ್ತರದ ಲೆಕ್ಕ ಸರಳ. ಪಶ್ಚಿಮದ ಕಡೆ ಹೋಗುವವರಿಗೆ 32, 34 ಸಾವಿರ ಅಡಿ. ಪೂರ್ವದ ಕಡೆಯವರಿಗೆ 33, 35 ಸಾವಿರ. ಎದುರುಬದುರು ಬಂದರೂ ನಡುವೆ 1,000 ಅಡಿ ಇದ್ದೇ ಇರುತ್ತದೆ.

ಅಪ್ಪಣೆ ಸರಿಯಾಗಿ ಕೇಳಿಸಿಕೊಂಡರೆ ತಾನೇ ಇದೆಲ್ಲ? ಅದಕ್ಕೇ ರೀಡ್‌ಬ್ಯಾಕ್. ಎತ್ತರ, ದಿಕ್ಕು, ರನ್‌ವೇ ಸಂಖ್ಯೆಯನ್ನು ಪೈಲಟ್ ಹಾಗೆಯೇ ತಿರುಗಿ ಹೇಳಬೇಕು. 'ಆಯ್ತು ಸಾರ್' ನಡೆಯುವುದಿಲ್ಲ. ತಪ್ಪು ಹೇಳಿದರೆ ಅಲ್ಲೇ ತಿದ್ದುತ್ತಾರೆ. ಆದರೆ ಸರಿಯಾಗಿ ಹೇಳಿದ ಮಾತ್ರಕ್ಕೆ ಮುಗಿಯಲಿಲ್ಲ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಮೇಲೆ 15,000 ಅಡಿಯಲ್ಲಿ ಇರಬೇಕಿದ್ದ ಕಝಾಕ್ ವಿಮಾನ ಇನ್ನೂ ಕೆಳಗಿಳಿದು, 14,000 ಅಡಿಯಲ್ಲಿದ್ದ ಸೌದಿ ವಿಮಾನಕ್ಕೆ ಬಡಿಯಿತು. 349 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆಮೇಲೆ ಭಾರತದಲ್ಲಿ ಡಿಕ್ಕಿ ತಪ್ಪಿಸುವ ಯಂತ್ರ ಟಿಕಾಸ್ ಕಡ್ಡಾಯವಾಯಿತು. ಅದು 'ಏರು' ಎಂದು, ನಿಯಂತ್ರಕರು 'ಇಳಿ' ಎಂದರೆ ಪೈಲಟ್ ಯಂತ್ರದ ಮಾತು ಕೇಳಬೇಕು. ವಿಚಿತ್ರ ಅನ್ನಿಸಬಹುದು, ಆದರೆ ಎದುರಿನ ವಿಮಾನದ ಯಂತ್ರ ಅದೇ ಕ್ಷಣ 'ಇಳಿ' ಎಂದಿರುತ್ತದೆ.

ಮುಂಬೈ ಹತ್ತಿರವಾದಂತೆ ಸರದಿಯ ಕೆಲಸ ಜಾಸ್ತಿ. ಬೆಂಗಳೂರಿನಲ್ಲಿ ಎರಡು ರನ್‌ವೇ ಅಕ್ಕಪಕ್ಕ ಇವೆ. ಮುಂಬೈನಲ್ಲೂ ಎರಡಿವೆ, ಆದರೆ ಒಂದನ್ನೊಂದು ಕತ್ತರಿಸುತ್ತವೆ. ಹಾಗಾಗಿ ಸಾಮಾನ್ಯವಾಗಿ ಒಂದೇ ಬಳಕೆ. ವೇಗ ತಗ್ಗಿಸಿ, ಸುತ್ತುದಾರಿಯಲ್ಲಿ ಕಳಿಸಿ, ಬೇಕಾದರೆ ಆಕಾಶದಲ್ಲೇ ಸುತ್ತು ಹಾಕಿಸಿ ವಿಮಾನಗಳನ್ನು ಒಂದರ ಹಿಂದೆ ಒಂದು ತರುತ್ತಾರೆ. ದೊಡ್ಡ ವಿಮಾನದ ರೆಕ್ಕೆಯಿಂದ ಏಳುವ ಗಾಳಿಯ ಸುಳಿ ಚಿಕ್ಕದನ್ನು ಹೊರಳಿಸಬಲ್ಲದು, ಅದಕ್ಕೆ ನಡುವೆ ಹೆಚ್ಚು ಅಂತರ. ಮೊದಲು ಇಳಿದ ವಿಮಾನ ಇನ್ನೂ ರನ್‌ವೇಯಿಂದ ಹೊರಬೀಳದಿದ್ದರೆ 'ಗೋ ಅರೌಂಡ್' ಎನ್ನುತ್ತಾರೆ. ನೆಲ ಮುಟ್ಟಬೇಕಾದ ವಿಮಾನ ಮತ್ತೆ ಮೇಲೇರಿ, ಸರದಿಗೆ ಬರುತ್ತದೆ.